ಒಳಿತು ಯಾರೊಬ್ಬರ ಸ್ವತ್ತಲ್ಲ





ಇಂದು ಪದವಿ ಪಡೆಯುತ್ತಿರುವ ಯುವಮಿತ್ರರೇ, ನಿಮಗೆ ಮನಸಾರೆ ಅಭಿನಂದನೆಗಳು. ಅದಕ್ಕೂ ಮೊದಲು ಹಿಂದಿನ ಸಾಲುಗಳಲ್ಲಿ ಕುಳಿತಿರುವ ಹಿರಿಯರಿಗೆ ಕೈಮುಗಿಯುತ್ತೇನೆ. ಜಗಳೂರಿನ ಒಣಭೂಮಿಯಲ್ಲಿ ಮೆಕ್ಕೆಜೋಳ ಬೆಳೆದವರು, ಚನ್ನಗಿರಿಯಲ್ಲಿ ಅಡಿಕೆ ಸುಲಿದವರು, ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬಿಸಿಗೆ ಮೈಯೊಡ್ಡಿದವರು, ಹರಿಹರದ ಕಾರ್ಖಾನೆಗಳಲ್ಲಿ ಪಾಳಿ ಲೆಕ್ಕದಲ್ಲಿ ದುಡಿದವರು ಅಲ್ಲಿ ಕುಳಿತಿದ್ದಾರೆ. ಇಂದಿನ ಪದವಿಯಲ್ಲಿ ಅವರ ಬೆವರಿನ ಪಾಲು ದೊಡ್ಡದು.

ಘಟಿಕೋತ್ಸವದ ವೇದಿಕೆಯಲ್ಲಿ ಉದ್ಯೋಗ, ಕೌಶಲ, ತಂತ್ರಜ್ಞಾನಗಳ ಮಾತು ಸಾಕಷ್ಟು ಕೇಳಿಬರುತ್ತದೆ. ನಾನು ಇಂದು ಬೇರೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಸತ್ಯ, ದಯೆ, ಕ್ಷಮೆ, ಸೇವೆ, ಸಮಾನತೆ ಎಂಬ ಮೌಲ್ಯಗಳನ್ನು ಲೋಕಕ್ಕೆ ಕೊಟ್ಟದ್ದು ಯಾವುದಾದರೂ ಒಂದೇ ಧರ್ಮವೇ? ಅಥವಾ ಮನುಷ್ಯರು ಬಾಳಿದ ಕಡೆಯಲ್ಲೆಲ್ಲ ಅವು ಬೆಳೆದವೇ?

ಈ ವಿಷಯದಲ್ಲಿ ಎರಡು ಗಟ್ಟಿ ದನಿಗಳನ್ನು ನೀವು ಕೇಳಿರುತ್ತೀರಿ. ಕರುಣೆ, ಸಮಾನತೆಗಳ ಪಾಠ ಕ್ರೈಸ್ತ ಮಿಷನರಿಗಳ ಜೊತೆಗೆ ಹಡಗಿನಲ್ಲಿ ಬಂದಿಳಿಯಿತು, ಅದಕ್ಕೆ ಮುಂಚೆ ಇಲ್ಲಿದ್ದುದು ಬರೀ ಕತ್ತಲೆ ಎನ್ನುವುದು ಒಂದು. ಎಲ್ಲವೂ ನಮ್ಮಲ್ಲೇ ಇತ್ತು, ಹೊರಗಿನವರಿಂದ ಕಲಿಯುವಂಥದ್ದು ಏನೂ ಇರಲಿಲ್ಲ ಎನ್ನುವುದು ಇನ್ನೊಂದು. ಎರಡೂ ತಪ್ಪು ಎಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ನಮ್ಮ ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯೊಳಗೇ ಇದೆ. ಅಲ್ಲಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲೂ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ಕ್ರಿಸ್ತ ಹುಟ್ಟುವುದಕ್ಕೆ ಎರಡೂವರೆ ಶತಮಾನಗಳಷ್ಟು ಮುಂಚಿನ ಬರಹ ಬ್ರಹ್ಮಗಿರಿಯದು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎಂಬುದು ಅದರ ಸಾರ. ನನ್ನನ್ನು ಹೆಚ್ಚು ಸೆಳೆದದ್ದು ಅದರ ಮುಂದಿನ ಮಾತು. ಇದು ಹಿಂದಿನಿಂದ ನಡೆದುಬಂದ ರೂಢಿ ಎಂದು ಆ ಶಾಸನವೇ ಹೇಳುತ್ತದೆ. ಬಂಡೆ ಕೊರೆಸಿದ ಚಕ್ರವರ್ತಿ ಇದು ತನ್ನ ಕೊಡುಗೆ ಎಂದು ಹೇಳಿಕೊಳ್ಳಬಹುದಿತ್ತು. ಹಾಗೆ ಹೇಳಿಕೊಳ್ಳಲಿಲ್ಲ. ಸುಮಾರು 2,250 ವರ್ಷಗಳ ಹಿಂದೆಯೇ ಈ ಮೌಲ್ಯಗಳು ಹಳೆಯವಾಗಿದ್ದವು!

ಇನ್ನು ಹನ್ನೆರಡನೆಯ ಶತಮಾನಕ್ಕೆ ಬನ್ನಿ. ಏಳು ಬೇಡಗಳನ್ನು ಹೇಳುವ ಬಸವಣ್ಣನವರ ವಚನ ನಿಮಗೆಲ್ಲ ಬಾಯಿಪಾಠ. ಅದರಲ್ಲಿ ಕಳವು, ಕೊಲೆ, ಸುಳ್ಳು ಬೇಡವೆನ್ನುವ ಮೂರು ಮಾತುಗಳು ಮೋಶೆಯ ಹತ್ತು ಆಜ್ಞೆಗಳಲ್ಲೂ ಇವೆ, ಬುದ್ಧನ ಪಂಚಶೀಲದಲ್ಲೂ ಇವೆ, ಜೈನರ ಅಣುವ್ರತಗಳಲ್ಲೂ ಇವೆ. ಉಳಿದ ನಾಲ್ಕು ಮನಸ್ಸಿನ ಒಳಗನ್ನು ಮುಟ್ಟುತ್ತವೆ: ಕೋಪ, ಇತರರ ಬಗೆಗಿನ ಹೇಸಿಗೆ, ತನ್ನನ್ನು ತಾನೇ ಹೊಗಳಿಕೊಳ್ಳುವುದು, ಇದಿರಿನವರನ್ನು ಹಳಿಯುವುದು. ಈಗ ಮತ್ತಾಯನ ಸುವಾರ್ತೆಯಲ್ಲಿರುವ ಪರ್ವತ ಪ್ರಸಂಗವನ್ನು ತೆರೆದು ನೋಡಿ. ಯೇಸು ಕೊಲ್ಲಬಾರದೆಂಬ ಹಳೆಯ ಆಜ್ಞೆಯಿಂದ ಆರಂಭಿಸಿ ಸೋದರನ ಮೇಲಿನ ಕೋಪಕ್ಕೆ ಬರುತ್ತಾರೆ, ಜನ ನೋಡಲೆಂದು ಮಾಡುವ ಪ್ರಾರ್ಥನೆಯನ್ನು ಖಂಡಿಸುತ್ತಾರೆ, ಇತರರ ದೋಷ ಎಣಿಸುವವನಿಗೆ ತನ್ನದನ್ನು ನೋಡಿಕೊಳ್ಳಲು ಹೇಳುತ್ತಾರೆ. ಯೇಸು ಮಾತಾಡಿದ ಗಲಿಲಾಯದ ಬೆಟ್ಟಕ್ಕೂ ಬಸವಣ್ಣನವರ ಕಲ್ಯಾಣಕ್ಕೂ ನಡುವೆ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಇಬ್ಬರೂ ಹೊರಗಿನ ನಡೆಯಿಂದ ಒಳಗಿನ ಮನಸ್ಸಿಗೆ ಹೋದರು, ಒಂದೇ ರೋಗವನ್ನು ಕಂಡರು. ಮನುಷ್ಯನ ಮನಸ್ಸನ್ನು ಪ್ರಾಮಾಣಿಕವಾಗಿ ನೋಡಿದ ಯಾರಿಗಾದರೂ ಅದು ಕಾಣುತ್ತದೆ.

ಕ್ರೈಸ್ತ ಧರ್ಮಗ್ರಂಥವಾದರೂ ಒಳಿತಿನ ಗುತ್ತಿಗೆ ತನ್ನದೆಂದು ಹೇಳುತ್ತದೆಯೇ? ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನ ಕಥೆಯನ್ನು ನೆನೆಯಿರಿ. ಯಾಜಕನೊಬ್ಬ ನೋಡಿಯೂ ಪಕ್ಕಕ್ಕೆ ಸರಿದುಹೋದ. ದೇವಾಲಯದ ಸೇವಕನಾದ ಲೇವಿಯನೂ ಹಾಗೆಯೇ ಹೋದ. ನಿಂತು ಗಾಯ ತೊಳೆದು ಛತ್ರಕ್ಕೆ ಸೇರಿಸಿದವನು ಸಮಾರ್ಯದವನು. ಯೆಹೂದ್ಯರು ಸಮಾರ್ಯದವರನ್ನು ಧರ್ಮಭ್ರಷ್ಟರೆಂದು ದೂರವಿಟ್ಟಿದ್ದರು. ನೆರೆಯವನು ಯಾರು ಎಂದು ಕೇಳಿದವನಿಗೆ ಯೇಸು ಮಾದರಿಯಾಗಿ ತೋರಿಸಿದ್ದು ಆ ಹೊರಗಿನವನನ್ನು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನೂ ಧರ್ಮಶಾಸ್ತ್ರ ಸಿಗದ ಜನರ ಹೃದಯದಲ್ಲೇ ಅದರ ಬರಹವಿದೆ ಎನ್ನುತ್ತಾನೆ. 1965ರಲ್ಲಿ ಕ್ಯಾಥೊಲಿಕ್ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ ಇತರ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ತಿರಸ್ಕರಿಸುವುದಿಲ್ಲವೆಂದು ಸಾರಿತು. ಮೌಲ್ಯಗಳೆಲ್ಲ ನಮ್ಮವೇ ಎನ್ನುವ ಕ್ರೈಸ್ತರಿಗೆ ಅವರ ಗ್ರಂಥದಲ್ಲೇ ಉತ್ತರವಿದೆ.

ನಿಮ್ಮಲ್ಲಿ ಹಲವರು ದಿನವೂ ಹಾದುಹೋಗುವ ಹರಿಹರದಲ್ಲಿ ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅದು 1224ರ ಸುಮಾರಿನ ಕಟ್ಟಡ. ಅರ್ಧ ಶಿವ, ಅರ್ಧ ವಿಷ್ಣುವಾಗಿ ನಿಂತ ದೇವರು ಅಲ್ಲಿದ್ದಾನೆ. ಅದೇ ಊರಿನಲ್ಲಿ ಆರೋಗ್ಯಮಾತೆಯ ಬಸಿಲಿಕಾ ಇದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮೇಣದಬತ್ತಿ ಹಿಡಿದು ಬರುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಹೆಣ್ಣುಮಕ್ಕಳಿದ್ದಾರೆ. ಕಾಯಿಲೆಯ ಕೂಸನ್ನು ಎತ್ತಿಕೊಂಡು ಬಂದ ತಾಯಿ ತನ್ನ ಮನೆದೇವರನ್ನು ಬಿಟ್ಟು ಬಂದವಳೇನಲ್ಲ. ಕರುಣೆ ಎಲ್ಲಿದ್ದರೂ ಅದು ಕರುಣೆಯೇ ಎಂದು ಅವಳು ಯಾವ ಪುಸ್ತಕವನ್ನೂ ಓದದೆ ಅರಿತಿದ್ದಾಳೆ.

ವಿದ್ವತ್ತಿನಲ್ಲೂ ಇದೇ ಹಾದಿ ತುಳಿದ ಒಬ್ಬರನ್ನು ನೀವು ತಿಳಿದುಕೊಳ್ಳಬೇಕು. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನದ ಊರು ಹೂವಿನಹಡಗಲಿ ಸೀಮೆಯ ಉತ್ತಂಗಿ, ನಮ್ಮ ನೆರೆಯದೇ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಅವರು ಸರ್ವಜ್ಞನ ತ್ರಿಪದಿಗಳ ಬೆನ್ನು ಹತ್ತಿದರು. ಹಳ್ಳಿಗಳನ್ನು ಸುತ್ತಿ, ಜನರ ಬಾಯಿಂದ ಕೇಳಿ, ಹಸ್ತಪ್ರತಿಗಳನ್ನು ಹೋಲಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಮುಂದೆ ಶರಣರ ವಚನಗಳತ್ತ ತಿರುಗಿದರು. ಅಸ್ಪೃಶ್ಯರ ಉದ್ಧಾರಕ್ಕೆ ಬಸವಣ್ಣ ಮಾಡಿದ ಕೆಲಸದ ಬಗ್ಗೆ ಬರೆದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಕೆಲವರು ಶಂಕಿಸಿದಾಗ ಅದರ ಪರವಾಗಿ ಪುಸ್ತಕವನ್ನೇ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರನ್ನು ಕರೆಯಿತು.

ಗಮನಿಸಿ, ಉತ್ತಂಗಿಯವರು ಕೊನೆಯವರೆಗೂ ಕ್ರೈಸ್ತರಾಗಿಯೇ ಇದ್ದರು. ಕ್ರಿಸ್ತನ ಮೇಲಿನ ಭಕ್ತಿಗೂ ಬಸವಣ್ಣನ ಮೇಲಿನ ಗೌರವಕ್ಕೂ ಅವರ ಎದೆಯಲ್ಲಿ ಜಗಳವಿರಲಿಲ್ಲ. ಸರ್ವಜ್ಞನ ನೀತಿಯನ್ನು ಮೆಚ್ಚಿದರೆ ಸುವಾರ್ತೆಯ ಬೆಲೆ ಇಳಿದೀತೆಂದು ಅವರು ಅಂಜಲಿಲ್ಲ. ತನ್ನ ನಂಬಿಕೆಯಲ್ಲಿ ಬೇರು ಬಿಟ್ಟವನಿಗೆ ಇನ್ನೊಬ್ಬರ ಒಳಿತನ್ನು ಒಪ್ಪಿಕೊಳ್ಳುವುದು ಸುಲಭ. ಅಂಜಿಕೆ ಇರುವುದು ಬೇರು ಸಡಿಲವಾದವರಿಗೆ.

ಇದೇ ಮಾತು ಇನ್ನೊಂದು ಕಡೆಯಿಂದಲೂ ನಿಜವಾಯಿತು. ಕಾಸರಗೋಡು ಸೀಮೆಯ ಮಂಜೇಶ್ವರದಲ್ಲಿ ಕುಳಿತು ಎಂ. ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಬರೆದರು, ಬುದ್ಧನ ಕೊನೆಯ ದಿನವನ್ನು ಕುರಿತು 'ವೈಶಾಖಿ' ಬರೆದರು. ಅವರಿಗಿಂತ ಹಿಂದೆ ಜರ್ಮನಿಯಿಂದ ಬಂದ ಹರ್ಮನ್ ಮೊಗ್ಲಿಂಗ್ ಧರ್ಮಪ್ರಚಾರಕ್ಕೆಂದು ಬಂದವರಾದರೂ ದಾಸರ ಪದಗಳನ್ನು, ಬಸವಪುರಾಣವನ್ನು ಅಚ್ಚು ಹಾಕಿಸಿದರು. ಅವರಂತೆಯೇ ಬಂದ ಫರ್ಡಿನಾಂಡ್ ಕಿಟೆಲ್ ಕೇಶಿರಾಜನ ವ್ಯಾಕರಣವನ್ನು, ನಾಗವರ್ಮನ ಛಂದಸ್ಸನ್ನು ಸಂಪಾದಿಸಿ 1894ರಲ್ಲಿ ನಿಘಂಟನ್ನು ಕೊಟ್ಟರು. ಕನ್ನಡದ ಮಟ್ಟಿಗೆ ಕ್ರೈಸ್ತ ಮತ್ತು ಇತರ ಪರಂಪರೆಗಳ ಭೇಟಿ ಎರಡೂ ಕಡೆಯವರನ್ನು ಬೆಳೆಸಿದ ಭೇಟಿ.

ಹಾಗೆಂದು ಎಲ್ಲ ಧರ್ಮಗಳೂ ಒಂದೇ ಎಂದು ಬಾಯಿಮಾತಿಗೆ ಹೇಳಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅದು ಔದಾರ್ಯದಂತೆ ತೋರುವ ಸೋಮಾರಿತನ. ಮೂಲ ಮೌಲ್ಯಗಳು ಎಲ್ಲರಲ್ಲೂ ಇವೆ, ಆದರೆ ಒಂದೊಂದು ಪರಂಪರೆ ಒಂದೊಂದನ್ನು ಬಹಳ ದೂರ ಕೊಂಡೊಯ್ದಿದೆ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗದಂತೆ ನಡೆಯುವುದನ್ನು ಜೈನರಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ವಿರಳ. ಇದ್ದವರ ಸಂಪತ್ತಿನಲ್ಲಿ ಬಡವರಿಗೆ ಗೊತ್ತಾದ ಪಾಲಿದೆ ಎಂಬುದನ್ನು ಇಸ್ಲಾಂ ಜಕಾತಿನ ಮೂಲಕ ನಿಯಮವನ್ನೇ ಮಾಡಿತು. ದುಡಿಮೆಯಲ್ಲಿ ಮೇಲುಕೀಳಿಲ್ಲ, ದುಡಿದದ್ದನ್ನು ಹಂಚಿ ಉಣ್ಣಬೇಕು ಎಂದು ಶರಣರು ಕಾಯಕ, ದಾಸೋಹಗಳನ್ನು ಬದುಕಿನ ಕ್ರಮವನ್ನಾಗಿಸಿದರು. ಶತ್ರುವನ್ನೂ ಪ್ರೀತಿಸು ಎಂಬ ಕಠಿಣ ಮಾತನ್ನು, ಜಗತ್ತು ಹೊರಗೆ ತಳ್ಳಿದ ರೋಗಿಯ ಪಕ್ಕದಲ್ಲಿ ಕೂರುವ ಸೇವೆಯನ್ನು ಕ್ರೈಸ್ತರು ತಮ್ಮ ಧರ್ಮದ ನಡುಮನೆಯಲ್ಲಿಟ್ಟರು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಪುಟ್ಟ ಔಷಧಾಲಯ ತೆರೆದ ಜೆಸ್ಯುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೂ ನೆಲೆ ಕಟ್ಟಿದರು. ಊರವರು ದಾರಿ ಬದಲಿಸುತ್ತಿದ್ದ ಕಾಲದಲ್ಲಿ ಅವರು ಹತ್ತಿರ ಹೋದರು. ಈ ಋಣವನ್ನು ನೆನೆಯದಿದ್ದರೆ ನಾವು ಕೃತಘ್ನರಾಗುತ್ತೇವೆ.

ಕೊಳ್ಳುವುದಕ್ಕೂ ಕೊಡುವುದಕ್ಕೂ ಇಷ್ಟಿರುವಾಗ ಒಂದೇ ಮನೆಯಲ್ಲಿ ಎಲ್ಲವೂ ಇದೆ ಎಂಬ ಹಟವೇಕೆ? ಲಂಡನ್ನಿನಲ್ಲಿ ಓದುವಾಗ ಗಾಂಧೀಜಿಗೆ ಪರ್ವತ ಪ್ರಸಂಗ ನೇರವಾಗಿ ಎದೆಗೆ ತಾಗಿತು. ಜೈನರಾದ ರಾಯಚಂದ್‌ಭಾಯಿ, ರಷ್ಯಾದ ಟಾಲ್‌ಸ್ಟಾಯ್, ಭಗವದ್ಗೀತೆ ಅವರನ್ನು ರೂಪಿಸಿದವು. ಗಾಂಧೀಜಿಯಿಂದ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಸತ್ಯಾಗ್ರಹದ ದಾರಿ ಕಲಿತರು, 1959ರಲ್ಲಿ ಭಾರತಕ್ಕೂ ಬಂದರು. ಯೇಸುವಿನ ಮಾತು ಗಾಂಧಿಯ ಕೈಯಲ್ಲಿ ಹೋರಾಟದ ವಿಧಾನವಾಗಿ ಮತ್ತೆ ಕ್ರೈಸ್ತರ ಮನೆಗೇ ಮರಳಿತು.

ಈಗ ಪ್ರಶ್ನೆಯ ಕಷ್ಟದ ಭಾಗಕ್ಕೆ ಬರುತ್ತೇನೆ. 2019ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಆಲಿವರ್ ಸ್ಕಾಟ್ ಕರಿ ಮತ್ತು ಸಂಗಡಿಗರು ಲೋಕದ 60 ಸಮಾಜಗಳ ವಿವರಗಳನ್ನು ಪರಿಶೀಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ಕುಟುಂಬಕ್ಕೆ ನೆರವಾಗುವುದು, ತನ್ನ ಗುಂಪಿಗೆ ನೆರವಾಗುವುದು, ಉಪಕಾರ ತೀರಿಸುವುದು, ಧೈರ್ಯ, ಹಿರಿಯರಿಗೆ ಮಣಿಯುವುದು, ನ್ಯಾಯವಾಗಿ ಹಂಚುವುದು, ಇತರರ ಸ್ವತ್ತಿಗೆ ಕೈಹಾಕದಿರುವುದು ಎಂಬ ಏಳು ನಡೆಗಳನ್ನು ಅವರು ಹುಡುಕಿದರು. ಇವು ಕೆಟ್ಟವು ಎನ್ನುವ ಸಮಾಜ ಅವರಿಗೆ ಬಹುತೇಕ ಎಲ್ಲಿಯೂ ಸಿಗಲಿಲ್ಲ. ಮೌಲ್ಯಗಳು ಎಲ್ಲ ಸಂಸ್ಕೃತಿಗಳಿಗೂ ಸೇರಿದವು ಎಂಬುದಕ್ಕೆ ಇದು ಬಲವಾದ ಆಧಾರ.

ಆದರೆ ಪಟ್ಟಿಯ ಎರಡನೆಯ ನಡೆಯನ್ನು ಮತ್ತೊಮ್ಮೆ ನೋಡಿ. ತನ್ನ ಗುಂಪಿಗೆ ನೆರವಾಗುವುದು. ಗುಂಪಿನ ಹೊರಗಿನವರ ಗತಿಯೇನು? ಲೋಕದ ಪ್ರತಿಯೊಂದು ಸಂಸ್ಕೃತಿಯೂ ಎಡವಿರುವುದು ಇಲ್ಲಿಯೇ. ಮನೆಯಲ್ಲಿ ದಯೆಯ ಮೂರ್ತಿಯಾಗಿದ್ದವರು ಕೇರಿಯ ಮಗುವಿಗೆ ಬಾವಿಯ ನೀರು ಮುಟ್ಟಗೊಡಲಿಲ್ಲ. ಭಾನುವಾರ ಬೈಬಲ್ ಓದಿದವರು ಸೋಮವಾರ ಗುಲಾಮರ ಹಡಗು ಹೊರಡಿಸಿದರು. ಬ್ರಿಟನ್ನಿನ ಆ ವ್ಯಾಪಾರವನ್ನು 1807ರಲ್ಲಿ ಕಾನೂನಿನಿಂದ ನಿಲ್ಲಿಸಲು ಸಂಸತ್ತಿನಲ್ಲಿ ಹೋರಾಡಿದ ವಿಲ್ಬರ್‌ಫೋರ್ಸ್ ಬಲ ಪಡೆದದ್ದೂ ಅದೇ ಬೈಬಲ್ಲಿನಿಂದ. ಜಾತಿ ಬಿಟ್ಟು ಬಂದವರೆನ್ನುವ ಕ್ರೈಸ್ತರಲ್ಲೂ ದಕ್ಷಿಣ ಭಾರತದ ಕೆಲವೆಡೆ ದಲಿತರಿಗೆ ಬೇರೆ ಸಾಲು, ಬೇರೆ ಸ್ಮಶಾನ ಇದ್ದದ್ದುಂಟು. ನಮ್ಮ ದಾವಣಗೆರೆಯೂ ಇದಕ್ಕೆ ಹೊರತಲ್ಲ. 1990ರ ಅಕ್ಟೋಬರ್‌ನಲ್ಲಿ ಈ ಊರಿನ ಬೀದಿಗಳಲ್ಲಿ ಕೋಮುಗಲಭೆಯಾಗಿ ಜೀವಗಳು ಹೋದವು. ಕೊಲ್ಲಬಾರದೆಂಬ ಪಾಠ ಎರಡೂ ಕಡೆಯವರ ಮನೆಯಲ್ಲಿತ್ತು. ಪಾಠಕ್ಕೆ ಕೊರತೆಯಿರಲಿಲ್ಲ. ಅದು ಬೀದಿಯ ಆಚೆಯವರಿಗೂ ಅನ್ವಯಿಸುತ್ತದೆ ಎಂಬುದನ್ನು ಆ ದಿನ ಮರೆಯಲಾಯಿತು.

ಆದ್ದರಿಂದ ಈ ಮೌಲ್ಯ ಯಾರದು ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಅದು ಯಾರವರೆಗೆ ಮುಟ್ಟುತ್ತದೆ ಎಂದು ಕೇಳಬೇಕು. ಯಾವ ಧರ್ಮದ ದೊಡ್ಡವರನ್ನೇ ನೋಡಿ, ಅವರು ಹೊಸ ಮೌಲ್ಯವನ್ನು ಕಂಡುಹಿಡಿದದ್ದಕ್ಕಿಂತ ಇದ್ದ ಮೌಲ್ಯದ ಬೇಲಿಯನ್ನು ಕಿತ್ತದ್ದೇ ಹೆಚ್ಚು. ಯೇಸು ಸಮಾರ್ಯದವನನ್ನು ಬೇಲಿಯೊಳಗೆ ತಂದರು. ಬಸವಣ್ಣ ಚಮ್ಮಾರ ಕುಲದ ಶರಣ ಹರಳಯ್ಯನನ್ನು ತಂದರು, ಅದಕ್ಕೆ ಕಲ್ಯಾಣ ರಕ್ತದಲ್ಲಿ ತೆತ್ತ ಬೆಲೆ ನಿಮಗೆ ಗೊತ್ತು.

ಹರಿಹರದ ಮಣ್ಣಿನಲ್ಲೇ ಅಂಥ ಒಬ್ಬರು ಹುಟ್ಟಿದರು. ಪ್ರೊಫೆಸರ್ ಬಿ. ಕೃಷ್ಣಪ್ಪನವರು 1938ರಲ್ಲಿ ಹರಿಹರದ ದಲಿತ ಕುಟುಂಬದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿ, 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಭೂಮಿಗಾಗಿ, ಮಾನಕ್ಕಾಗಿ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಎದ್ದ ದನಿಗೆ ಅವರು ನಾಯಕರಾದರು. ಅವರು ದಾರಿದೀಪವೆಂದು ಕಂಡ ಬಾಬಾಸಾಹೇಬ್ ಅಂಬೇಡ್ಕರ್ 1954ರಲ್ಲಿ ಆಕಾಶವಾಣಿಯಲ್ಲಿ ಮಾತನಾಡುತ್ತ, ಸ್ವಾತಂತ್ರ್ಯ, ಸಮಾನತೆ, ಸೋದರತೆಗಳನ್ನು ತಾವು ಫ್ರಾನ್ಸಿನ ಕ್ರಾಂತಿಯಿಂದ ಎರವಲು ತಂದದ್ದಲ್ಲ, ತಮ್ಮ ಗುರು ಬುದ್ಧನಿಂದ ಪಡೆದದ್ದು ಎಂದರು. ಲೋಕದ ಮಟ್ಟದಲ್ಲೂ ಇಂಥ ಬೇಲಿ ಕಿತ್ತವರಿದ್ದಾರೆ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ ಕರಡಿನ ಮೊದಲ ವಿಧಿಯಲ್ಲಿ ಗಂಡಸರನ್ನಷ್ಟೇ ಸೂಚಿಸುವಂತಿದ್ದ ಮಾತನ್ನು ತೆಗೆಸಿ ಎಲ್ಲ ಮನುಷ್ಯರೂ ಎಂದು ಮಾಡಿಸಿದವರು ಭಾರತದ ಹಂಸಾ ಮೆಹ್ತಾ. ಆ ಕರಡಿಗೆ ದುಡಿದವರಲ್ಲಿ ಚೀನಾದ ಪಿ.ಸಿ. ಚಾಂಗ್ ಇದ್ದರು, ಲೆಬನಾನಿನ ಕ್ರೈಸ್ತ ಚಾರ್ಲ್ಸ್ ಮಲಿಕ್ ಇದ್ದರು. ಒಳಿತಿನ ವ್ಯಾಪ್ತಿ ದೊಡ್ಡದಾಗಿರುವುದು ಹೀಗೆ ಹಲವು ನೆಲದವರ ಕೈಯಿಂದ.

ಯುವಮಿತ್ರರೇ, ನಾಳೆಯಿಂದ ಈ ಪ್ರಶ್ನೆ ನಿಮ್ಮ ಕೆಲಸದ ಜಾಗಕ್ಕೇ ಬರುತ್ತದೆ. ಬಿ.ಎಡ್. ಮುಗಿಸಿದವರು ಶಾಲೆಗೆ ಹೋಗುತ್ತೀರಿ. ಬಿಸಿಯೂಟದ ಸಾಲಿನಲ್ಲಿ ಮಕ್ಕಳು ಯಾರ ಪಕ್ಕ ಯಾರು ಕೂರುತ್ತಾರೆಂದು ನೋಡಿ, ಬೇರೆ ಕೂತಿದ್ದರೆ ಅಂದೇ ಒಟ್ಟಿಗೆ ಕೂರಿಸಿ, ನೀವೂ ಅವರ ನಡುವೆ ಕುಳಿತು ಉಣ್ಣಿ. ಎಂ.ಕಾಂ. ಮಾಡಿದವರು ಬ್ಯಾಂಕಿನ ಕೌಂಟರಿನಲ್ಲಿ ಕೂರುತ್ತೀರಿ. ಸಹಿ ಹಾಕಲು ಬಾರದ ಅಜ್ಜಿ ಪಿಂಚಣಿಗೆ ಬಂದಾಗ ದೊಡ್ಡ ಠೇವಣಿದಾರನಿಗೆ ಕೊಡುವಷ್ಟೇ ಮರ್ಯಾದೆ ಕೊಡಿ. ಸಮಾಜಕಾರ್ಯ ಓದಿದವರು ನಿಮ್ಮ ಜಾತಿಯವರಿಲ್ಲದ ಕೇರಿಯಿಂದಲೇ ಕೆಲಸ ಆರಂಭಿಸಿ. ಪತ್ರಿಕೋದ್ಯಮ ಓದಿದವರು ಒಂದು ಸಮುದಾಯದ ಮೇಲೆ ದ್ವೇಷ ಹುಟ್ಟಿಸುವ ಸುದ್ದಿ ಮೊಬೈಲಿಗೆ ಬಂದಾಗ, ಅದು ನಿಮ್ಮವರಿಗೆ ಇಷ್ಟವಾಗುವ ಸುದ್ದಿಯಾಗಿದ್ದರೂ, ನಿಜವೇ ಎಂದು ವಿಚಾರಿಸದೆ ಮುಂದಕ್ಕೆ ಕಳಿಸಬೇಡಿ.

ನಿಮ್ಮ ಧರ್ಮವನ್ನು ಬಿಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಆಳವಾಗಿ ಓದಿ, ಆಚರಿಸಿ. ಜೊತೆಗೆ ಪಕ್ಕದ ಮನೆಯ ಗ್ರಂಥವನ್ನೂ ಗೌರವದಿಂದ ತೆರೆಯಿರಿ. ವಚನ ಓದಿದವರು ಪರ್ವತ ಪ್ರಸಂಗವನ್ನು ಓದಿ, ಬೈಬಲ್ ಓದಿದವರು ಸರ್ವಜ್ಞನನ್ನು ಓದಿ, ಕುರ್‌ಆನ್ ಓದಿದವರು ಬುದ್ಧನನ್ನು ಓದಿ. ದೇವರನ್ನು ನಂಬದವರು ನಿಮ್ಮಲ್ಲಿದ್ದರೆ ಅವರಿಗೂ ನನ್ನ ಗೌರವವಿದೆ. ಸತ್ಯ, ದಯೆಗಳ ಹೊಣೆ ಅವರ ಮೇಲೂ ಅಷ್ಟೇ ಇದೆ.

ನಮ್ಮ ಮೌಲ್ಯ ದೊಡ್ಡದು ಎಂದು ಯಾರಾದರೂ ನಿಮ್ಮ ಮುಂದೆ ವಾದಿಸಿದರೆ ಸಿಟ್ಟಾಗಬೇಡಿ. ಆ ಮೌಲ್ಯದಿಂದ ನಿಮ್ಮವರಲ್ಲದ ಯಾರಿಗೆ ಒಳ್ಳೆಯದಾಯಿತು ಎಂದು ಸಮಾಧಾನದಿಂದ ಕೇಳಿ. ಅದೇ ಪ್ರಶ್ನೆಯನ್ನು ನಿಮಗೂ ಕೇಳಿಕೊಳ್ಳುತ್ತಿರಿ. ಉತ್ತರ ಕೊಡಲು ನಿಮ್ಮ ಬಳಿ ಒಬ್ಬ ಮನುಷ್ಯನ ಹೆಸರಾದರೂ ಇರುವಂತೆ ಬಾಳಿ. ಹಾಗೆ ಬಾಳಿದರೆ ಈ ವಿಶ್ವವಿದ್ಯಾನಿಲಯ ನಿಮಗೆ ಕೊಟ್ಟ ಪದವಿ ಸಾರ್ಥಕ, ನಿಮ್ಮನ್ನು ಇಲ್ಲಿಗೆ ಕಳಿಸಿದ ತಂದೆತಾಯಿಯರ ದುಡಿಮೆಯೂ ಸಾರ್ಥಕ.